ಅಪ್‌ಡೇಟ್: 31 ವಾರಕ್ಕೆ ಹುಟ್ಟಿದ ನಮ್ಮ ಅವಳಿಗಳು ಮನೆಗೆ ಬಂದರು

ಎನ್‌ಐಸಿಯುನಲ್ಲಿರುವ (ನವಜಾತ ಶಿಶುಗಳ ಐಸಿಯು) ಅವಳಿಗಳಲ್ಲಿ ಚಿಕ್ಕವಳು ಹಾಲು ಚೀಪುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್. ಈಗ ಇಬ್ಬರೂ ಮನೆಯಲ್ಲಿದ್ದಾರೆ!

ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳುವುದು ಗರ್ಭದ ಲೆಕ್ಕದಲ್ಲಿ ಸುಮಾರು 34 ವಾರದ ಹೊತ್ತಿಗಂತೆ. ಅಲ್ಲಿವರೆಗೆ ಟ್ಯೂಬ್, ಆಮೇಲೆ ಒಳಲೆ (ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು). ನರ್ಸ್ ಅಕ್ಕ ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ ಸ್ವಲ್ಪವೇ ಹಾಲು ಬಿಡುತ್ತಿದ್ದರು. ಮಗು ನುಂಗಿದ್ದು ಕಂಡ ಮೇಲಷ್ಟೇ ಮುಂದಿನ ಹನಿ. ಜೊತೆಗೆ ಕಾಂಗರೂ ಆರೈಕೆ: ಬರೀ ಡೈಪರ್, ಟೋಪಿ ಹಾಕಿ ಒಬ್ಬಳು ನನ್ನ ಎದೆ ಮೇಲೆ, ಇನ್ನೊಬ್ಬಳು ಅವರಪ್ಪನ ಎದೆ ಮೇಲೆ. ಅಪ್ಪಂದಿರೂ ಮಾಡಬಹುದು, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಕಣ್ಣಿನ ಆರ್‌ಒಪಿ (ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಒಳಪದರ, ಅಂದರೆ ರೆಟಿನಾಕ್ಕೆ ಬರುವ ತೊಂದರೆ) ಪರೀಕ್ಷೆ ಮಾತ್ರ ದಯವಿಟ್ಟು ತಪ್ಪಿಸಬೇಡಿ. ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ಮೊದಲ ಸಲ ಆಗಲೇಬೇಕು. ಹೊರಗಿನಿಂದ ಕಣ್ಣು ಚೆನ್ನಾಗೇ ಕಾಣುತ್ತದೆ, ತೊಂದರೆ ಒಳಗೆ ರೆಟಿನಾದಲ್ಲಿರುತ್ತದೆ. ದೊಡ್ಡವಳದ್ದು ಸರಿಯಿದೆ. ಚಿಕ್ಕವಳಿಗೆ ಮತ್ತೆ ನೋಡಬೇಕಂತೆ, ಅದೇ ಈಗ ಜಾಸ್ತಿ ಚಿಂತೆ.

ಲಸಿಕೆಗೆ ಹುಟ್ಟಿದ ದಿನದ ಲೆಕ್ಕ, ಬೆಳವಣಿಗೆಗೆ ಡ್ಯೂ ಡೇಟ್ ಲೆಕ್ಕ. "ಇನ್ನೂ ಕತ್ತು ನಿಂತಿಲ್ವಾ?" ಅನ್ನುವ ನೆಂಟರಿಗೆಲ್ಲ ನಮ್ಮತ್ತೆಯೇ ಇದನ್ನು ಬಿಡಿಸಿ ಹೇಳುತ್ತಾರೆ.