ಮಾಳಿಗೆ ಮೇಲೆ ಒಂದೇ ವಾಷಿಂಗ್ ಮೆಷಿನ್, ಆರು ಮನೆ: ಪಕ್ಕದ ಮನೆಯವಳ ಜೊತೆ ಮಾತು ನಿಂತಿದೆ, ಏನು ಮಾಡಲಿ?

ಕೌಲ್ ಬಜಾರ್ ಟೀಚರ್, ಬಳ್ಳಾರಿ:

ನಮ್ಮದು ಕೌಲ್ ಬಜಾರ್ ಕಡೆ ಮೂರು ಅಂತಸ್ತಿನ ಬಿಲ್ಡಿಂಗ್. ಆರು ಮನೆ. ಯಾರ ಮನೆಯಲ್ಲೂ ಮೆಷಿನ್ ಇಡುವಷ್ಟು ಜಾಗ ಇಲ್ಲ. ಬಚ್ಚಲಲ್ಲಿ ಒಂದು ಡ್ರಮ್, ಎರಡು ಬಕೆಟ್ ಇಟ್ಟರೆ ಮುಗೀತು. ಹಾಗಾಗಿ ಎರಡು ವರ್ಷದ ಹಿಂದೆ ಮನೆಗೆ 2,200 ರೂಪಾಯಿ ಹಾಕಿ ಒಂದು ಸೆಮಿ ಆಟೋಮ್ಯಾಟಿಕ್ ತಂದೆವು. ಮಾಳಿಗೆ ಮೇಲಿನ ಸಣ್ಣ ರೂಮಿನಲ್ಲಿದೆ. ಪಕ್ಕದಲ್ಲೇ ಒಗೆಯುವ ಕಲ್ಲು, ಒಂದು ನಳ. ಕರೆಂಟ್ ಬಿಲ್ ಆರು ಪಾಲು. ಗೃಹಜ್ಯೋತಿ ನಮ್ಮ ನಮ್ಮ ಮನೆ ಮೀಟರಿಗೆ ಇದೆ, ಮಾಳಿಗೆ ಮೀಟರಿಗೆ ಇಲ್ಲ.

ನೀರಿನ ಕಥೆ ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಓಣಿಗೆ ನಳ ಬರೋದು ವಾರಕ್ಕೊಮ್ಮೆ, ಒಮ್ಮೊಮ್ಮೆ ಹತ್ತು ದಿನಕ್ಕೆ. ಬೋರಿನ ನೀರು ಗಡಸು, ಸೋಪು ನೊರೆ ಕಟ್ಟಲ್ಲ, ಬಿಳಿ ಬಟ್ಟೆ ಮಂಕಾಗುತ್ತೆ. ಅದಕ್ಕೇ ನಳ ಬಂದ ದಿನ ಆರೂ ಮನೆಯವರು ಮಾಳಿಗೆ ಮೇಲೆ. ಒಂದೇ ಸೋಪಿನ ನೀರಲ್ಲಿ ಮೊದಲು ಬಿಳಿ, ಆಮೇಲೆ ಬಣ್ಣದ್ದು, ಕೊನೆಗೆ ಕಾಲೊರೆಸುವ ಬಟ್ಟೆ. ಹೀಗೆ ಎರಡು ವರ್ಷ ಚೆನ್ನಾಗೇ ನಡೆದಿತ್ತು.

ಪಕ್ಕದ ಮನೆಯವಳು ನನಗಿಂತ ಚಿಕ್ಕವಳು. ಮನೆಮಾತು ತೆಲುಗು, ನನ್ನನ್ನು ಅಕ್ಕಾ ಅಂತಲೇ ಕರೆಯೋದು. ಅವಳ ಗಂಡ ಜೀನ್ಸ್ ವಾಷಿಂಗ್ ಯುನಿಟ್‌ನಲ್ಲಿ ಕೆಲಸ ಮಾಡ್ತಾರೆ. ಅವಳು ಮನೆಯಲ್ಲೇ ಪ್ಯಾಂಟಿನ ದಾರ ಕತ್ತರಿಸ್ತಾಳೆ, ಪೀಸಿಗೆ ಇಷ್ಟು ಅಂತ ಕೊಡ್ತಾರೆ. ನಾನು ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಲಿಗೆ ಹೋದರೆ ವಾಪಸ್ ಬರೋದು ಐದಕ್ಕೆ. ನಮ್ಮ ಊರಿಗೆ ಮಳೆ ಜಾಸ್ತಿ ಬರೋದೇ ಸೆಪ್ಟೆಂಬರಲ್ಲಿ. ಮಧ್ಯಾಹ್ನ ಮೋಡ ಕವಿದರೆ ತಂತಿ ಮೇಲಿನ ನನ್ನ ಬಟ್ಟೆ ತೆಗೆದು, ಮಡಚಿ, ನಮ್ಮ ಬಾಗಿಲ ಮುಂದಿನ ಕುರ್ಚಿ ಮೇಲೆ ಇಡ್ತಿದ್ದವಳು ಅವಳೇ. ಒಂದು ದಿನವೂ ನಾನು ಹೇಳಿ ಮಾಡಿಸಿದ್ದಲ್ಲ.

ಮೂರು ವಾರದ ಹಿಂದೆ ಒಂದು ಸಂಜೆ ಮಗನ ಎರಡು ಯೂನಿಫಾರ್ಮ್ ಅಂಗಿ ತಗೊಂಡು ಮೇಲೆ ಹೋದೆ. ಎರಡೂ ಬಿಳಿ. ಮೆಷಿನ್ ಖಾಲಿ ಇತ್ತು. ಆ ರೂಮಿನ ಬಲ್ಬು ಮಂಕು. ನೀರು ಬಿಟ್ಟು, ಪುಡಿ ಹಾಕಿ, ತಿರುಗೋಕೆ ಬಿಟ್ಟು ಕೆಳಗೆ ಬಂದೆ. ಹದಿನೈದು ನಿಮಿಷ ಬಿಟ್ಟು ಹೋದರೆ ನೊರೆಯೇ ನೀಲಿ. ಕಾಲರ್, ಜೇಬಿನ ಅಂಚು, ಗುಂಡಿ ಪಟ್ಟಿ, ಎಲ್ಲಿ ಬಟ್ಟೆ ಎರಡು ಪದರ ಇದೆಯೋ ಅಲ್ಲೆಲ್ಲ ಹಿಡಿದುಬಿಟ್ಟಿತ್ತು. ಟಬ್ಬಿನ ತಳದಲ್ಲಿ ತಿರುಗುವ ಚಕ್ರ ಇರುತ್ತಲ್ಲ, ಅದರ ಸಂದಿಯಲ್ಲಿ ಬೆರಳಾಡಿಸಿ ನೋಡಿದೆ. ಬೆರಳ ತುದಿ ನೀಲಿ ಆಯ್ತು. ಪಕ್ಕದ ಮನೆಯವಳ ಗಂಡನ ಯೂನಿಟ್ ಬಟ್ಟೆಯ ಬಣ್ಣವೇ ಅಂದುಕೊಂಡೆ.

ಆವತ್ತೇ ಹೋಗಿ ಅವಳನ್ನ ಕೇಳಬೇಕಿತ್ತು, ಕೇಳಲಿಲ್ಲ. ಮನಸ್ಸಲ್ಲೇ ಇಟ್ಟುಕೊಂಡೆ. ಮುಂದಿನ ಸಲ ನಳ ಬಂದ ದಿನ ಅವಳ ಬಟ್ಟೆ ಡ್ರೈಯರಲ್ಲಿ ಅರ್ಧ ಗಂಟೆ ಹಾಗೇ ಇತ್ತು. ನಾನು ಎಲ್ಲವನ್ನೂ ತೆಗೆದು ನೆಲಕ್ಕೆ ಹಾಕಿದೆ. ಖಾಲಿ ಬಕೆಟ್ ಅಲ್ಲೇ ಇತ್ತು, ಅದಕ್ಕೆ ಹಾಕಬಹುದಿತ್ತು. ನಮ್ಮ ಮಾಳಿಗೆ ಮೇಲಿನ ಕೆಂಪು ಧೂಳು ಹಸಿ ಬಟ್ಟೆಗೆ ಹೇಗೆ ಮೆತ್ತಿಕೊಳ್ಳುತ್ತೆ ಅಂತ ನನಗೆ ಗೊತ್ತಿಲ್ವಾ? ಅವಳು ಬಂದು ನೋಡಿದಳು. ಒಂದು ಮಾತೂ ಆಡಲಿಲ್ಲ. ಅಷ್ಟನ್ನೂ ಕಲ್ಲಿನ ಮೇಲೆ ಮತ್ತೆ ಒಗೆದಳು. ಅವಳ ಸೀರೆಯ ಒಳಲಂಗ, ಮಗಳ ಫ್ರಾಕು ಎಲ್ಲಾ ಅದರಲ್ಲಿತ್ತು.

ಅವತ್ತಿನಿಂದ ಮಾತಿಲ್ಲ. ಮೊನ್ನೆ ಮಳೆಗೆ ನನ್ನ ಬಟ್ಟೆ ತಂತಿ ಮೇಲೇ ನೆನೆದವು.

ಯೂನಿಟ್‌ಗೆ ಹಾಕೊಂಡು ಹೋಗುವ ಬಟ್ಟೆ ಮೆಷಿನ್‌ಗೆ ಹಾಕಬೇಡಿ ಅಂತ ಹೇಳೋಕೆ ನನಗೆ ಹಕ್ಕಿದೆಯಾ? ಅವರೂ 2,200 ಕೊಟ್ಟಿದ್ದಾರೆ. ಇನ್ನೊಂದು, ಮಾತು ಹೇಗೆ ಶುರು ಮಾಡಲಿ? ದಸರಾ ಘಟ ಕೂಡಿಸೋಕೆ ಹತ್ತು ದಿನ ಇದೆ. ಅಷ್ಟರಲ್ಲಿ ಆರೂ ಮನೆಯ ಹಾಸಿಗೆ, ಹೊದಿಕೆ, ಕೌದಿ ಎಲ್ಲಾ ಒಗೆದಾಗಬೇಕು. ಆಮೇಲೆ ಬನ್ನಿ ಎಲೆ ಕೊಡೋ ಹಬ್ಬ. ಪ್ರತಿ ವರ್ಷ ಮೊದಲು ಬನ್ನಿ ತಂದು ಕೈಗೆ ಕೊಡೋದು ಅವಳೇ. ಈ ಸಲ ಅವಳು ಬರದಿದ್ದರೆ ಅನ್ನೋದು ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತೆ.

ಹೊಸಪೇಟೆ ರೋಡ್ ನಿವಾಸಿ:

ಮೇಡಂ, ಇದರಲ್ಲಿ ಯೋಚನೆ ಮಾಡೋದೇನಿಲ್ಲ. ಫ್ಯಾಕ್ಟರಿ ಬಟ್ಟೆ ಮನೆ ಬಟ್ಟೆಯ ಮೆಷಿನ್‌ಗೆ ಬರಬಾರದು. ಕಲ್ಲು ಇದೆಯಲ್ಲ, ಅಲ್ಲಿ ಒಗೆದುಕೊಳ್ಳಲಿ. ಒಂದು ಬೋರ್ಡ್ ಹಾಕಿಬಿಡಿ. ಬಟ್ಟೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬಿಟ್ಟರೆ ಯಾರು ಬೇಕಾದರೂ ತೆಗೀಬಹುದು ಅಂತಲೂ ಬರೀರಿ.

ಹಳೇ ವಾಷಿಂಗ್ ಮಾಸ್ಟರ್:

ಮೇಲಿನವರ ಮಾತು ನಾನು ಒಪ್ಪಲ್ಲ. ನಾನು ಬಳ್ಳಾರಿಯಲ್ಲೇ 14 ವರ್ಷ ಜೀನ್ಸ್ ಯೂನಿಟ್‌ನಲ್ಲಿ ದುಡಿದವನು. ನಾವು ಮೊದಲಿದ್ದ ವಠಾರದಲ್ಲಿ ನನ್ನ ಬಟ್ಟೆ ಒಗೀಬೇಕು ಅಂದರೆ ನನ್ನ ಹೆಂಡತಿ ರಾತ್ರಿ ಹತ್ತು ಗಂಟೆ ಆಗೋದನ್ನ ಕಾಯ್ತಿದ್ದಳು, ಯಾರೂ ಇಲ್ಲದಾಗ. ಅದು ನನಗೆ ಇವತ್ತಿಗೂ ಮರೆತಿಲ್ಲ. ದುಡ್ಡು ಕೊಟ್ಟ ಮೇಲೆ ಮೆಷಿನ್ ಅವರದೂ ಹೌದು. ಬೋರ್ಡ್ ಹಾಕಬೇಡಿ ತಾಯಿ. ಆರು ಮನೆಯಲ್ಲಿ ಅದು ಯಾರಿಗೆ ಬರೆದದ್ದು ಅಂತ ಎಲ್ಲರಿಗೂ ಗೊತ್ತಾಗುತ್ತೆ.

ಬಣ್ಣದ ವಿಷಯ ಹೇಳ್ತೀನಿ. ಜೀನ್ಸಿನ ನೀಲಿ, ಅಂದರೆ ಇಂಡಿಗೋ, ದಾರದ ಒಳಗೆ ಇಳಿಯಲ್ಲ. ಮೇಲೆ ಮೇಲೆ ಕೂತಿರುತ್ತೆ. ಒಂದು ದಾರ ಬಿಚ್ಚಿ ನೋಡಿ, ನಡುವೆ ಬೆಳ್ಳಗಿರುತ್ತೆ. ಅದಕ್ಕೇ ಜೀನ್ಸ್ ಉಜ್ಜಿದಷ್ಟೂ ಬಿಳಿಚಿಕೊಳ್ಳೋದು, ಯೂನಿಟ್‌ನಲ್ಲಿ ನಾವು ಕಲ್ಲು, ಎನ್‌ಜೈಮ್ ಹಾಕಿ ಮಾಡೋದೂ ಅದೇ. ಹಾಗೆ ಬಿಟ್ಟ ಬಣ್ಣ ಕೆಲಸದವನ ಅಂಗಿ, ಪ್ಯಾಂಟಿಗೆ ಮೆತ್ತುತ್ತೆ. ಉಪ್ಪು ಹಾಕಿದರೆ ನಿಲ್ಲುತ್ತೆ ಅಂತಾರೆ. ಇಂಡಿಗೋಗೆ ಉಪ್ಪು ಕೆಲಸ ಮಾಡಲ್ಲ, ಸುಮ್ನೆ ಉಪ್ಪು ದಂಡ.

ಆತ ಯೂನಿಟ್‌ನಲ್ಲೇ ಬಟ್ಟೆ ಬದಲಾಯಿಸಿ ಕವರಲ್ಲಿ ತರಲಿ. ಅವರ ಮಗಳಿಗೂ ಅದೇ ಒಳ್ಳೇದು, ಬಣ್ಣದ ಜೊತೆ ಕೆಮಿಕಲ್ಲೂ ಇರುತ್ತಲ್ಲ. ಬಕೆಟಲ್ಲಿ ಬೋರಿನ ನೀರು ಹಾಕಿ ಎರಡು ಮೂರು ಸಲ ಜಾಲಿಸಲಿ. ಆಮೇಲೆ ಮೆಷಿನ್, ಅದೂ ಆ ದಿನದ ಎಲ್ಲರ ಬಟ್ಟೆ ಮುಗಿದ ಮೇಲೆ. ಕೊನೆಗೆ ಅರ್ಧ ಟಬ್ ನೀರು ಬಿಟ್ಟು ಐದು ನಿಮಿಷ ಖಾಲಿ ತಿರುಗಿಸಿ, ಆ ನೀರು ಹೊರಗೆ ಬಿಟ್ಟು, ಹಳೇ ಬಟ್ಟೆಯಿಂದ ತಳ ಒರೆಸಲಿ. ಡ್ರೈಯರನ್ನೂ ಒರೆಸಬೇಕು, ಅದನ್ನ ಎಲ್ಲರೂ ಮರೀತಾರೆ.

ನಿಮ್ಮ ಮಗನ ಅಂಗಿಗೆ ಇಸ್ತ್ರಿ ಹಾಕಬೇಡಿ. ಆಕ್ಸಿಜನ್ ಬ್ಲೀಚ್ ಪುಡಿ ಸಿಗುತ್ತೆ, ಪೊಟ್ಟಣದ ಮೇಲೆ ಸೋಡಿಯಂ ಪರ್‌ಕಾರ್ಬೊನೇಟ್ ಅಂತ ಇರುತ್ತೆ. ಬಿಸಿ ನೀರಲ್ಲಿ ಕರಗಿಸಿ, ಉಗುರು ಬೆಚ್ಚಗಾದ ಮೇಲೆ ಅಂಗಿ ಹಾಕಿ ರಾತ್ರಿಯಿಡೀ ನೆನೆಹಾಕಿ. ನಿಧಾನ, ಆದರೆ ಬಟ್ಟೆ ಕೆಡಲ್ಲ. ಯೂನಿಟ್‌ನಲ್ಲಿ ಹೈಡ್ರೋ ಅನ್ನೋ ಕೆಮಿಕಲ್ ಹಾಕಿ ಬಣ್ಣ ತೆಗೀತೀವಿ, ಅದನ್ನ ಮನೆಗೆ ತರಿಸಬೇಡಿ. ಘಾಟು ಜಾಸ್ತಿ. ಬೇರೆ ಬ್ಲೀಚ್ ಜೊತೆ ಬೆರೆಸೋದಂತೂ ಬೇಡವೇ ಬೇಡ.

ಗಂಗಾವತಿ ಅಮ್ಮ:

ಮಗಳೇ, ನಾವು ಎಂಟು ಮನೆಯವರು ಒಂದೇ ಮೆಷಿನ್‌ನಲ್ಲಿ ಆರು ವರ್ಷದಿಂದ ಇದ್ದೇವೆ. ನಮ್ಮಲ್ಲಿ ಬೋರ್ಡ್ ಇಲ್ಲ, ಒಂದು ಪಾಟಿ ಇದೆ, ಮಕ್ಕಳು ಬರೆಯೋದು. ನಳ ಬರುವ ಹಿಂದಿನ ದಿನ ರಾತ್ರಿ ಯಾರಿಗೆ ಬೇಕೋ ಅವರು ಹೆಸರು ಬರೀತಾರೆ. ಮನೆಗೆ ಮುಕ್ಕಾಲು ಗಂಟೆ. ಪ್ರತಿ ಮನೆಯ ಬಕೆಟಿಗೂ ಬೇರೆ ಬಣ್ಣ. ಮೆಷಿನ್ ನಿಂತ ಮೇಲೆ ಒಂದು ಸಲ ಬಾಗಿಲು ಬಡಿದು ಕರೀತೇವೆ. ಹದಿನೈದು ನಿಮಿಷ ಕಾದು, ಬರದಿದ್ದರೆ ಅವರ ಬಕೆಟಿಗೇ ಹಾಕ್ತೇವೆ. ಅದೂ ಹೆಂಗಸರೇ ತೆಗೀಬೇಕು. ಗಂಡಸರು ಬೇರೆ ಮನೆ ಹೆಂಗಸರ ಬಟ್ಟೆಗೆ ಕೈ ಹಾಕಬಾರದು ಅನ್ನೋದು ನಮ್ಮಲ್ಲಿ ಮೊದಲ ದಿನವೇ ಆದ ಮಾತು. ಬಾಣಂತಿ ಇರುವ ಮನೆಗೆ ಮೊದಲ ಪಾಳಿ. ಕೂಸಿನ ಬಟ್ಟೆ ಮೊದಲು ಕೈಯಲ್ಲಿ ತೊಳೆದೇ ತರಬೇಕು.

ಕೌದಿ ಮಾತ್ರ ಮೆಷಿನ್‌ಗೆ ಹಾಕಬೇಡ. ನೀರು ಕುಡಿದರೆ ಇಬ್ಬರು ಸೇರಿ ಎತ್ತೋದೂ ಕಷ್ಟ, ಮೋಟರ್ ಸುಡುತ್ತೆ. ನಾವೀಗಲೂ ದಸರಾ ಮುಂಚೆ ತುಂಗಭದ್ರಾ ಎಡದಂಡೆ ಕಾಲುವೆಗೇ ಒಯ್ಯೋದು. ಮೆಟ್ಟಿಲ ಮೇಲೇ ಕೂತು ಒಗೀಬೇಕು, ಒಬ್ಬರೇ ಹೋಗಬಾರದು, ಸೆಳವು ಇರುತ್ತೆ.

ಮಾತಿನ ವಿಷಯ. ಮಾಳಿಗೆ ಮೇಲೆ, ನಾಲ್ಕು ಜನರ ಮುಂದೆ ಆಡಬೇಡ. ಅವಳ ಮನೆಗೆ ಹೋಗು. ಬರಿಗೈಲಿ ಹೋಗಬೇಡ. ಮೊದಲು ನೀನು ನೆಲಕ್ಕೆ ಹಾಕಿದ್ದು ಹೇಳು. ಅಂಗಿಯ ಮಾತು ಆಮೇಲೆ. ಮೊದಲು ಅಂಗಿ ಎತ್ತಿದರೆ ನೀನು ಲೆಕ್ಕ ತೀರಿಸೋಕೆ ಬಂದಿದ್ದೀಯ ಅಂತ ಅನಿಸುತ್ತೆ ಅವಳಿಗೆ. ಬನ್ನಿ ತನಕ ಕಾಯಬೇಡ ಮಗಳೇ, ನಾಳೆಯೇ ಹೋಗು.

ಕೌಲ್ ಬಜಾರ್ ಟೀಚರ್, ಬಳ್ಳಾರಿ:

ಅಮ್ಮಾ, ನೀವು ಬರೆದ ಮರುದಿನ ಸಂಜೆಯೇ ಹೋದೆ. ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ಕಟ್ಟಿಸಿಕೊಂಡಿದ್ದೆ. ಅವಳು ಬಾಗಿಲ ಹತ್ತಿರವೇ ಕೂತು ದಾರ ಕತ್ತರಿಸ್ತಿದ್ದಳು. ಸುತ್ತ ಪ್ಯಾಂಟಿನ ರಾಶಿ. ಬಾ ಅಂತಲೂ ಅನ್ನಲಿಲ್ಲ, ಒಂದು ರಾಶಿ ಸರಿಸಿ ಜಾಗ ಮಾಡಿದಳು. ಕೂತೆ. ನಿನ್ನ ಬಟ್ಟೆ ನೆಲಕ್ಕೆ ಹಾಕಿದ್ದು ನಾನು, ಅದು ತಪ್ಪು ಅಂದೆ. ಅವಳು ಕತ್ತರಿ ಕೆಳಗಿಟ್ಟು, "ಅಕ್ಕಾ, ನನ್ನ ಮಗಳ ಫ್ರಾಕನ್ನೂ ಹಾಕಿದ್ರಲ್ಲ" ಅಂದಳು. ಅಷ್ಟೇ. ನನಗೆ ಅಲ್ಲೇ ಅಳು ಬಂತು.

ಆಮೇಲೆ ಅಂಗಿ ತೋರಿಸಿದೆ. ಅವಳಿಗೆ ಗೊತ್ತೇ ಇರಲಿಲ್ಲ. ಆ ದಿನ ಅವಳು ಗುಂತಕಲ್ಲಿಗೆ ತವರಿಗೆ ಹೋಗಿದ್ದಳಂತೆ. ಗಂಡ ತಾನೇ ಯೂನಿಟ್ ಬಟ್ಟೆ ಮೆಷಿನ್‌ಗೆ ಹಾಕಿ ಒಗೆದು, ನೀರು ಹೊರಗೆ ಬಿಟ್ಟು, ಕೆಲಸ ಮುಗೀತು ಅಂತ ಇಳಿದಿದ್ದಾರೆ. ಅಂಗಿ ನನ್ನ ಕೈಯಿಂದ ಇಸ್ಕೊಂಡು ಕಾಲರ್ ಮೇಲೆ ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದಳು. ನಾನು ಮಾಸ್ಟರ್ ಅಣ್ಣ ಹೇಳಿದ್ದನ್ನೆಲ್ಲ ಓದಿ ಹೇಳಿದೆ. ಯೂನಿಟ್ ಬಟ್ಟೆಗೆ ಕೊನೇ ಪಾಳಿ ತಾವೇ ತಗೋತೀವಿ ಅಂದಳು. ಹಾಗಾದರೆ ಖಾಲಿ ತಿರುಗಿಸುವ ನೀರು ನಾನು ತುಂಬಿಸ್ತೀನಿ ಅಂದೆ. ಅವಳು ಒಪ್ಪಲಿಲ್ಲ, ಅದಿನ್ನೂ ಮಾತಲ್ಲೇ ಇದೆ.

ಪಾಟಿ ತಂದು ಮೊಳೆಗೆ ನೇತು ಹಾಕಿದ್ದೇವೆ. ಬಲ್ಬೂ ಬದಲಾಯಿಸಿದೆ. ಭಾನುವಾರ ನಾವಿಬ್ಬರೂ, ಕೆಳಗಿನ ಮನೆಯವರೂ ಆಟೋ ಮಾಡಿಕೊಂಡು ಕೌದಿ ತಗೊಂಡು ಕಾಲುವೆಗೆ ಹೋಗ್ತಿದ್ದೇವೆ.

ಮಾಸ್ಟರ್ ಅಣ್ಣ, ಒಂದು ರಾತ್ರಿ ನೆನೆಸಿದ್ದಕ್ಕೆ ಗುಂಡಿ ಪಟ್ಟಿ ಪೂರ್ತಿ ಬೆಳ್ಳಗಾಯ್ತು. ಕಾಲರ್ ಅಂಚಲ್ಲಿ ಇನ್ನೂ ಸ್ವಲ್ಪ ನೀಲಿ ಇದೆ. ಮತ್ತೆ ನೆನೆಸಬಹುದಾ?

ಹಳೇ ವಾಷಿಂಗ್ ಮಾಸ್ಟರ್:

ನೆನೆಸಿ ತಾಯಿ. ಹೊಸ ನೀರು, ಹೊಸ ಪುಡಿ. ನೆನ್ನೆಯ ನೀರಲ್ಲಿ ಶಕ್ತಿ ಇರಲ್ಲ. ಬೆಳಿಗ್ಗೆ ನಳದ ನೀರಲ್ಲಿ ಎರಡು ಸಲ ಜಾಲಿಸಿ, ಬಿಸಿಲಿಗೆ ಹಾಕಿ.