ಅಪ್‌ಡೇಟ್: ಹಿಂದಿನಿಂದ ಗುದ್ದಿಸಿಕೊಂಡ ಕಾರು ಕೊನೆಗೂ ಮನೆಗೆ ಬಂತು

ಹಾಸನಾಂಬೆಯ ದರ್ಶನದ ದಿನಗಳ ದಟ್ಟಣೆಯಲ್ಲಿ, ಹಾಸನದ ಬಿ.ಎಂ. ರಸ್ತೆಯಲ್ಲಿ ನಿಂತಿದ್ದ ನನ್ನ ಕಾರಿಗೆ ಸರಕು ಸಾಗಣೆಯ ವಾಹನವೊಂದು ಹಿಂದಿನಿಂದ ಗುದ್ದಿತ್ತು. ಮುಂದೇನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ನಿನ್ನೆ ಕಾರು ಕೈಸೇರಿತು.

ಚಾಲಕನಿಂದಲೇ ಹಣ ಪಡೆಯಿರಿ ಎಂಬ ಸಲಹೆ ಫಲಿಸಲಿಲ್ಲ. ಅಂದು ಕೈಮುಗಿದು ಒಪ್ಪಿದ್ದವನು ಮೂರನೇ ದಿನದಿಂದ ಫೋನ್ ಎತ್ತಲೇ ಇಲ್ಲ. ಅವನ ವಿಮೆಯಿಂದ ಪಡೆಯಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಅಷ್ಟು ಕಾಯುವ ಸ್ಥಿತಿ ನನ್ನದಾಗಿರಲಿಲ್ಲ. ಕೆಲಸಕ್ಕೆ ಬಂದದ್ದು ಎರಡು ಮಾತು: ಎರಡೂ ವಾಹನಗಳ ನಂಬರ್ ಫಲಕ ಕಾಣುವಂತೆ ಫೋಟೊ ತೆಗೆಯಿರಿ, ನಿಮ್ಮದೇ ಸಮಗ್ರ ವಿಮೆಯಲ್ಲಿ (ಸ್ವಂತ ಕಾರಿನ ಹಾನಿಯನ್ನೂ ಭರಿಸುವ ವಿಮೆ) ಕ್ಲೇಮ್ ಮಾಡಿ. ಹಾಗೆ ಹೇಳಿದವರಿಗೆ ಮನಸಾರೆ ಧನ್ಯವಾದ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದರೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಯಿತು, ತಪ್ಪು ನನ್ನದಲ್ಲದಿದ್ದರೂ. ಅದು ಈಗಲೂ ಚುಚ್ಚುತ್ತದೆ.

ನನಗೆ ಅಚ್ಚರಿಯಾದದ್ದು ಬಂಪರ್ ಬಿಚ್ಚಿದಾಗ. ಹೊರಗೆ ಅಂಗೈಯಗಲದ ಗೀರು ಮಾತ್ರ. ಒಳಗಿನ ಲೋಹದ ಪಟ್ಟಿ ಬಿಲ್ಲಿನಂತೆ ಬಾಗಿತ್ತು. ಹಾನಿಯನ್ನು ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವ ಮುನ್ನ ರಿಪೇರಿ ಶುರುಮಾಡಿಸಬೇಡಿ. ವಿಮೆಯಲ್ಲಿ ಶೂನ್ಯ ಸವಕಳಿ ಸೌಲಭ್ಯ (ಬಿಡಿಭಾಗ ಹಳೆಯದಾಯಿತೆಂದು ಹಣ ಕಡಿತ ಮಾಡದಿರುವುದು) ಇಲ್ಲದಿದ್ದರೆ ಪ್ಲಾಸ್ಟಿಕ್ ಬಿಡಿಭಾಗಗಳಿಗೆ ವಿಮಾ ಕಂಪನಿ ಕೊಡುವ ಹಣದಲ್ಲಿ ಶೇ. 50 ಕಡಿತವಾಗುತ್ತದೆ, ನನ್ನ ಜೇಬಿಗೆ ಬಿದ್ದ ಭಾರ ಹೆಚ್ಚಾಗಿ ಅದೇ.

ಕತ್ತು ನೋವು ಮರುದಿನ ಬೆಳಿಗ್ಗೆ ಕಾಣಿಸಿಕೊಂಡಿತು. ವೈದ್ಯರಿಗೆ ತೋರಿಸಿದೆ, ಈಗ ಆರಾಮವಾಗಿದ್ದೇನೆ.