ಆನೆ ಮೀಸಲು ಪ್ರದೇಶ ಘೋಷಣೆಯಾದರೆ ನಮ್ಮ ತೋಟದ ಪಹಣಿಗೆ ತೊಂದರೆಯೇ?

ಪ್ರಶ್ನೆ: ಉಬ್ರಾಣಿ ಹೋಬಳಿಯ ಅಡಿಕೆ ಬೆಳೆಗಾರ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಲ್ಲಿ, ಕಾಡಂಚಿನಲ್ಲಿ, ನಮ್ಮ ಮೂರು ಎಕರೆ ಅಡಿಕೆ ತೋಟವಿದೆ. ಕಳೆದ ತಿಂಗಳು ಒಂದು ರಾತ್ರಿ ಆನೆಯೊಂದು ತೋಟಕ್ಕೆ ಇಳಿದು, ಅಡಿಕೆಯ ನಡುವೆ ಹಾಕಿದ್ದ ಬಾಳೆಯನ್ನು ಸೀಳಿ ದಿಂಡು ತಿಂದು, ಹೋಗುವಾಗ ನಾಲ್ಕು ವರ್ಷದ ಹದಿನೇಳು ಅಡಿಕೆ ಗಿಡಗಳನ್ನು ಕೆಡವಿ ಹೋಯಿತು. ಬೆಳಿಗ್ಗೆ ಬಂದ ಅರಣ್ಯ ಇಲಾಖೆಯ ವಾಚರ್ ಕೆಸರಿನಲ್ಲಿ ಮೂಡಿದ್ದ ಮುಂಗಾಲಿನ ಹೆಜ್ಜೆಯ ಸುತ್ತ ದಾರ ಹಿಡಿದು, ಆ ಅಳತೆಯನ್ನು ಎರಡು ಪಟ್ಟು ಮಾಡಿ, "ಒಂಬತ್ತು ಅಡಿ ಎತ್ತರದ್ದು, ಒಂಟಿ ಸಲಗ" ಎಂದರು. ಅವರ ಲೆಕ್ಕ ನೋಡಿ ನಷ್ಟವನ್ನೇ ಒಂದು ಗಳಿಗೆ ಮರೆತೆ.

ನನ್ನ ಪ್ರಶ್ನೆ ಬೇರೆ. ಊರಿನ ಹೋಟೆಲಿನಲ್ಲಿ ಈಗ ಒಂದೇ ಮಾತು: ಭದ್ರಾ ಕಡೆಯಿಂದ ಆನೆಗಳು ಬರುತ್ತಿರುವುದರಿಂದ ನಮ್ಮ ಭಾಗವನ್ನು ಆನೆ ಮೀಸಲು ಪ್ರದೇಶವೆಂದು ಘೋಷಿಸುತ್ತಾರೆ, ಆಮೇಲೆ ಪಹಣಿಯಲ್ಲಿ ಇಲಾಖೆಯ ಹೆಸರು ಬರುತ್ತದೆ, ಕೊಳವೆಬಾವಿ ಕೊರೆಸಲಿಕ್ಕೂ ಅನುಮತಿ ಕೇಳಬೇಕಾಗುತ್ತದೆ ಎಂದು. ಇದರಲ್ಲಿ ನಿಜವೆಷ್ಟು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ದಾವಣಗೆರೆಯ ವಕೀಲ

ಗೊಂದಲಕ್ಕೆ "ಮೀಸಲು" ಎಂಬ ಪದವೇ ಕಾರಣ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಘೋಷಿತವಾಗುವ ಮೀಸಲು ಅರಣ್ಯ ಒಂದು. ಆನೆ ಮೀಸಲು ಪ್ರದೇಶ ಇನ್ನೊಂದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶ ಇವೆಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರತ್ಯೇಕ ಸೆಕ್ಷನ್‌ಗಳಿವೆ. ನಮ್ಮ ಜಗಳೂರಿನ ರಂಗಯ್ಯನದುರ್ಗವು ಕೊಂಡುಕುರಿಗಾಗಿ ಅಭಯಾರಣ್ಯವಾದದ್ದು ಆ ಕಾಯ್ದೆಯಡಿಯೇ. ಆದರೆ ಆನೆ ಮೀಸಲು ಪ್ರದೇಶಕ್ಕೆ ಅಂಥ ಯಾವ ಸೆಕ್ಷನ್ನೂ ಇಲ್ಲ. ಕೇಂದ್ರ ಸರ್ಕಾರವು 1992ರಲ್ಲಿ ಆರಂಭಿಸಿದ ಆನೆ ಯೋಜನೆಯ ಹಣ ಮತ್ತು ನಿರ್ವಹಣೆಗಾಗಿ ರಾಜ್ಯ ಸರ್ಕಾರಗಳು ಗುರುತಿಸುವ ಆಡಳಿತಾತ್ಮಕ ವಲಯವದು. ದೇಶದಲ್ಲಿ ಇಂಥವು 33 ಇವೆ. ನಮ್ಮ ರಾಜ್ಯದಲ್ಲಿ 2002ರಲ್ಲಿ ಮೈಸೂರು, 2015ರಲ್ಲಿ ದಾಂಡೇಲಿ ಆನೆ ಮೀಸಲು ಪ್ರದೇಶಗಳು ಘೋಷಣೆಯಾದವು. ಇವುಗಳ ಗಡಿಯೊಳಗೆ ಊರು, ಹೊಲ, ಎಸ್ಟೇಟುಗಳೂ ಇರುತ್ತವೆ, ಆ ಕಾರಣಕ್ಕೆ ಯಾರ ಪಹಣಿಯೂ ಬದಲಾಗುವುದಿಲ್ಲ.

ಕೊಳವೆಬಾವಿಯ ಮಾತು ಬಹುಶಃ ಅಭಯಾರಣ್ಯಗಳ ಸುತ್ತ ಗುರುತಿಸುವ ಪರಿಸರ ಸೂಕ್ಷ್ಮ ವಲಯದಿಂದ ಬಂದಿರಬೇಕು. ಅದು 1986ರ ಪರಿಸರ ಕಾಯ್ದೆಯ ವಿಷಯ, ಇದಕ್ಕೆ ಸಂಬಂಧವಿಲ್ಲ.

ಉತ್ತರ 2: ಚಿತ್ರದುರ್ಗದಿಂದ, ಅರಣ್ಯ ಇಲಾಖೆಯ ನಿವೃತ್ತ ನೌಕರ

ವಕೀಲರು ಹೇಳಿದ್ದು ಕಾನೂನಿನ ಮಟ್ಟಿಗೆ ಸರಿ. ಆದರೆ ಅಷ್ಟಕ್ಕೇ ಬೆಳೆಗಾರರು ನಿಶ್ಚಿಂತರಾಗಬಾರದು, ಏಕೆಂದರೆ ಅವರು ಕಣ್ಣಿಡಬೇಕಾದ ಪದ "ಮೀಸಲು" ಅಲ್ಲ, "ಆನೆ ಕಾರಿಡಾರ್", ಅಂದರೆ ಆನೆಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟುವ ದಾರಿ. ತಮಿಳುನಾಡಿನ ನೀಲಗಿರಿಯ ಸೀಗೂರಿನಲ್ಲಿ ಸರ್ಕಾರವು 2010ರಲ್ಲಿ ಹೊರಡಿಸಿದ ಕಾರಿಡಾರ್ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ಅಲ್ಲಿನ ರೆಸಾರ್ಟುಗಳಿಗೆ ಬಿಸಿ ತಟ್ಟಿದ್ದು ಹಾಗೆ. ನಮ್ಮಲ್ಲಿ ಬೇರೆ ದಾರಿಯೂ ಉಂಟು: ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರಿಗೆ ಬೇಕಾದ ಖಾಸಗಿ ಜಮೀನನ್ನು ಹಣ ಕೊಟ್ಟು ಕೊಂಡು ಇಲಾಖೆಗೆ ಒಪ್ಪಿಸಲಾಯಿತು.

ರಾಜ್ಯ ಹೈಕೋರ್ಟಿನ ಆದೇಶದಂತೆ ಪ್ರೊ. ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ರಾಜ್ಯದ ಆನೆ ನೆಲೆಗಳನ್ನು ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವುಗೊಳಿಸಬೇಕಾದ ವಲಯ ಎಂದು ಅದು ಮೂರಾಗಿ ವಿಂಗಡಿಸಿತ್ತು. ನನ್ನ ಅಭಿಪ್ರಾಯದಲ್ಲಿ ಉಬ್ರಾಣಿಯವರು ಕೇಳಬೇಕಾದ ಪ್ರಶ್ನೆಯೇ ಇದು: ನಮ್ಮನ್ನು ಈ ಮೂರರಲ್ಲಿ ಯಾವುದೆಂದು ಪರಿಗಣಿಸುತ್ತೀರಿ? ಅದು ಇತ್ಯರ್ಥವಾಗದಿದ್ದರೆ ಒಂದು ವರ್ಷ ಕಂದಕ, ಮರುವರ್ಷ ಸೌರ ಬೇಲಿ, ಅದರ ಮರುವರ್ಷ ಪಟಾಕಿ ಎಂದು ಕೆಲಸ ನಡೆಯುತ್ತದೆ. ನಾನು ಕಂಡಿದ್ದೂ ಅದನ್ನೇ.

ಇನ್ನು ತೋಟಕ್ಕೆ ಬಂದದ್ದು ಒಂಟಿ ಸಲಗವೆಂದರೆ ಆಶ್ಚರ್ಯವೇನಿಲ್ಲ. ಪ್ರಾಯಕ್ಕೆ ಬಂದ ಗಂಡಾನೆ ತಾಯಿಯ ಹಿಂಡನ್ನು ಬಿಟ್ಟು ತಿರುಗುತ್ತದೆ. ಮರಿಗಳಿರುವ ಹಿಂಡು ಹಿಂಜರಿಯುವ ಜಾಗಕ್ಕೂ ಅದು ನುಗ್ಗುತ್ತದೆ, ಏಕೆಂದರೆ ಕಾಡಿನ ಒಣ ಹುಲ್ಲಿಗಿಂತ ಬಾಳೆ, ಮೆಕ್ಕೆಜೋಳಗಳಲ್ಲಿ ಕಸುವು ಹೆಚ್ಚು. ಹೀಗೆ ತಿರುಗುವ ಆನೆ ನಕ್ಷೆಯಲ್ಲಿ ಎಳೆದ ಗೆರೆಯನ್ನು ಲೆಕ್ಕಕ್ಕೆ ಇಡುವುದಿಲ್ಲ.

ಮರುಪ್ರಶ್ನೆ: ಉಬ್ರಾಣಿ ಹೋಬಳಿಯ ಅಡಿಕೆ ಬೆಳೆಗಾರ

ಇಬ್ಬರಿಗೂ ವಂದನೆಗಳು. ಪಹಣಿಯ ಭಯ ಹೋಯಿತು, ಕಾರಿಡಾರಿನ ಭಯ ಹೊಸದಾಗಿ ಸೇರಿತು! ಇನ್ನೊಂದು ಮಾತು. ನಮ್ಮಲ್ಲಿ ಕೆಲವರು ಬೇಲಿಗೆ ನೇರವಾಗಿ ಕರೆಂಟು ಕೊಡುವ ಮಾತಾಡುತ್ತಿದ್ದಾರೆ. ಮೀಸಲು ಪ್ರದೇಶವಲ್ಲದ ಕಡೆ ಕೇಸು ಆಗುವುದಿಲ್ಲ ಎಂಬುದು ಅವರ ವಾದ.

ಉತ್ತರ 3: ದಾವಣಗೆರೆಯ ವಕೀಲ

ದಯವಿಟ್ಟು ಅವರನ್ನು ತಡೆಯಿರಿ. ಆನೆ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಅದು ಕಾಡಿನಲ್ಲಿ ಸತ್ತರೂ ನಿಮ್ಮ ಸ್ವಂತ ತೋಟದಲ್ಲಿ ಸತ್ತರೂ ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸವಿದೆ. ಅದಕ್ಕಿಂತ ಮೊದಲು ನೀರು ಹಾಯಿಸಲು ಹೋದ ಮನೆಯವರೇ ಆ ತಂತಿಯನ್ನು ತುಳಿದಾರು. ಸೌರ ಬೇಲಿ ಬಿಟ್ಟುಬಿಟ್ಟು ಸಣ್ಣ ಶಾಕ್ ಕೊಡುತ್ತದೆ, ಕೊಲ್ಲುವುದಿಲ್ಲ. ಬಿದ್ದ ಗಿಡಗಳನ್ನು ಇನ್ನೂ ತೆರವು ಮಾಡಿಲ್ಲವಾದರೆ, ಒಂದೊಂದರ ಫೋಟೊ ತೆಗೆದು, ಪಹಣಿಯ ಪ್ರತಿಯೊಂದಿಗೆ ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ. ಹದಿನೇಳೂ ಗಿಡಗಳು ಲೆಕ್ಕಕ್ಕೆ ಬಂದವೇ ಎಂದು ಸ್ಥಳ ಪರಿಶೀಲನೆಯ ದಿನ ಎದುರಿಗೆ ನಿಂತು ನೋಡಿಕೊಳ್ಳಿ.